ಚಿಕ್ಕಪ್ಪನ ದೂರು

ಮಾಜಿ ಸೈನಿಕರ ಇಲಾಖೆಯಿಂದ ಬಂದ ಕಾಗದ ಹನ್ನೊಂದು ಪುಟ ಇತ್ತು. ಅಕ್ಷಯಾ ಅದನ್ನು ತಾನು ಕೆಲಸ ಮಾಡುವ ಬಸ್ ಡಿಪೋದ ಪಾರ್ಕಿಂಗ್‌ನಲ್ಲಿ, ಕಾರಿನೊಳಗೇ ಕೂತು ಓದಿದಳು. ಮೊದಲ ಪುಟದಲ್ಲಿ ಅವಳು ಸೇನೆಯಲ್ಲಿ ಮಾಡಿದ ಸೇವೆಗೆ ಧನ್ಯವಾದ ಹೇಳಿದ್ದರು. ನಾಲ್ಕನೆಯ ಪುಟದಲ್ಲಿ, ಅರ್ಜಿದಾರರು ಹೇಳುವ ಘಟನೆ ಸೇವೆಯ ಅವಧಿಯಲ್ಲಿ ನಡೆದಿತ್ತು ಎನ್ನುವುದಕ್ಕೆ ಯಾವ ದಾಖಲೆಯೂ ಸಿಕ್ಕಿಲ್ಲ, ಆದ್ದರಿಂದ ಅಂಗವೈಕಲ್ಯದ ಪರಿಹಾರ ಕೊಡಲು ಬರುವುದಿಲ್ಲ ಎಂದಿದ್ದರು. ಕೊನೆಯ ಪುಟದಲ್ಲಿ ಮತ್ತೆ ಧನ್ಯವಾದ.

ಅವಳಿಗೆ ಅಳು ಬರಲಿಲ್ಲ. ಬಂದದ್ದು ಅಸಹ್ಯ. ಅಂಥ ಕೆಲಸಕ್ಕೆ ದಾಖಲೆ ಇಡುವವರು ಯಾರು ಅಂತ ಈ ಬುದ್ಧಿವಂತರು ಅಂದುಕೊಂಡಿದ್ದರು? ಮಾಡಿದವನೇ ಸಹಿ ಹಾಕಿ, ಮೂರು ಪ್ರತಿ ತೆಗೆದು ಫೈಲಿಗೆ ಸೇರಿಸಿರಬೇಕಿತ್ತೇನೋ.

ಅಕ್ಷಯಾ ಆರು ವರ್ಷದವಳಿದ್ದಾಗ ಅಪ್ಪ ಗೋಪಿನಾಥ ಮೈಸೂರಿನಿಂದ ಸಂಸಾರ ಸಮೇತ ಅಮೆರಿಕದ ಎಲಿಕಾಟ್ ಸಿಟಿಗೆ ಬಂದಿದ್ದರು. ಹೈಸ್ಕೂಲು ಮುಗಿಯುವ ಮೊದಲೇ ಅಮ್ಮ ತೀರಿಕೊಂಡರು. ಇಪ್ಪತ್ತಕ್ಕೆ ಕಾಲೇಜು ಬಿಟ್ಟು ಅವಳು ಸೇನೆ ಸೇರಿದಾಗ ಅಲ್ಲಿನ ಕನ್ನಡದವರಿಗೆ ಎರಡು ತಿಂಗಳು ಮಾತಾಡಲು ವಿಷಯ ಸಿಕ್ಕಿತು. ಟ್ರಕ್ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ. ಅವಳಿಗೆ ಅದು ಇಷ್ಟವಾಗಿತ್ತು, ಕೈಗೂ ಹತ್ತಿತ್ತು. ಎರಡು ಸಾವಿರದ ಹದಿನಾಲ್ಕರ ಮೇ ತಿಂಗಳಲ್ಲಿ, ಸೌತ್ ಕ್ಯಾರೊಲಿನಾದ ಒಂದು ಸೇನಾ ನೆಲೆಯಲ್ಲಿ, ಶೆಡ್ಡಿನಲ್ಲಿ ಬೇರೆ ಯಾರೂ ಇಲ್ಲದ ಒಂದು ಭಾನುವಾರ, ಅವಳ ಮೇಲಿನ ಸಾರ್ಜೆಂಟ್ ಅವಳ ಮೇಲೆ ಬಲಾತ್ಕಾರ ಮಾಡಿದ. ಅವಳು ಯಾರಿಗೆ ದೂರು ಕೊಡಬೇಕಾಗಿತ್ತೋ ಆ ಅಧಿಕಾರಿ ಪ್ರತಿ ಶನಿವಾರ ಅವನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದ ಮನುಷ್ಯ. ಅವಳು ಯಾರಿಗೂ ಹೇಳಲಿಲ್ಲ. ಎರಡು ವರ್ಷ ಹಲ್ಲು ಕಚ್ಚಿಕೊಂಡು ಅವಧಿ ಮುಗಿಸಿ ಹೊರಬಂದಳು.

ಆಮೇಲೆ ಯಾವ ಕೆಲಸದಲ್ಲೂ ನಿಲ್ಲಲಾಗಲಿಲ್ಲ. ಬೆನ್ನ ಹಿಂದೆ ಗಂಡಸರ ಹೆಜ್ಜೆ ಕೇಳಿದರೆ ಕೈಯಲ್ಲಿದ್ದದ್ದು ಬಿದ್ದುಹೋಗುತ್ತಿತ್ತು. ಕೊನೆಗೆ ಸ್ಕೂಲ್ ಬಸ್ಸುಗಳ ಡಿಪೋದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೆಲಸ ಮಾಡಬಹುದಾದ ಒಂದು ಮೂಲೆ ಕೇಳಿ ಪಡೆದು, ವಾರಕ್ಕೆ ಮೂರು ದಿನ ಹೋಗುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳಿಂದ ಆಗುತ್ತಿರಲಿಲ್ಲ.

ಅರ್ಜಿಯನ್ನು ಅವಳೊಬ್ಬಳೇ ತುಂಬಿದ್ದಳು. ಪರೀಕ್ಷೆಗೆ ಅಂತ ಕಾಂಟ್ರಾಕ್ಟಿನ ಮೇಲೆ ನೇಮಿಸಿದ ಒಬ್ಬ ಮನೋವೈದ್ಯನ ಬಳಿ ಕಳಿಸಿದ್ದರು. ಹಾಸಿಗೆ ಅಂಗಡಿಯ ಮೇಲಿನ ಮಹಡಿ. ಇಪ್ಪತ್ತೆರಡು ನಿಮಿಷದಲ್ಲಿ ಅವನು ಕಂಪ್ಯೂಟರಿನಿಂದ ತಲೆ ಎತ್ತಿದ್ದು ಎರಡೇ ಸಲ. ಒಂದು ಸಲ, ಆಗಲೇ ಯಾಕೆ ದೂರು ಕೊಡಲಿಲ್ಲ ಎಂದು ಕೇಳಲು. ಇನ್ನೊಂದು ಸಲ, ಪಾರ್ಕಿಂಗ್ ಚೀಟಿಗೆ ಸೀಲು ಬೇಕಾ ಎಂದು ಕೇಳಲು. ಎರಡಕ್ಕೂ ದನಿ ಒಂದೇ ಥರ ಇತ್ತು.

ವಾಷಿಂಗ್ಟನ್‌ನಲ್ಲಿ ಇಂಥ ಪ್ರಕರಣಗಳನ್ನು ಫೀಸು ತೆಗೆದುಕೊಳ್ಳದೆ ನೋಡುವ ಕಾನೂನು ನೆರವಿನ ಕೇಂದ್ರ ಇದೆ ಎಂದು ಅವಳು ಮನಸ್ಸಿನ ಚಿಕಿತ್ಸೆಗೆ ಹೋಗುತ್ತಿದ್ದ ಥೆರಪಿಸ್ಟ್ ಹೇಳಿದ್ದಳು. ಅಲ್ಲಿ ಅವಳ ಪಾಲಿಗೆ ಬಂದ ವಕೀಲೆಯ ಹೆಸರು ಗುಲಾಬಿ ಹೆಗ್ಡೆ. ಉಡುಪಿಯ ಕಡೆಯವರು, ಐವತ್ತು ದಾಟಿದ ಗಟ್ಟಿ ಹೆಂಗಸು. ಅಕ್ಷಯಾಳ ಹೆಸರು, ಅಪ್ಪನ ಹೆಸರು ನೋಡಿದವರೇ ಕನ್ನಡಕ್ಕೆ ತಿರುಗಿದರು.

"ಕಾಗದ ಕೊಡು ನೋಡುವ," ಅಂದರು. ಓದಿ ಮುಗಿಸಿ ಅದನ್ನು ಮೇಜಿನ ಮೇಲೆ, ಒದ್ದೆ ಕರ್ಚೀಫು ಹಾಕುವ ಹಾಗೆ ಹಾಕಿದರು. "ಇದನ್ನು ಬರೆದವನು ಅವನದ್ದೇ ಕಾನೂನು ಓದಿದ ಹಾಗೆ ಕಾಣುವುದಿಲ್ಲ."

"ಅಂದ್ರೆ?"

"ದೂರು ಕೊಟ್ಟಿರಲೇಬೇಕು ಅಂತ ಎಲ್ಲಿಯೂ ಇಲ್ಲ ಮಾರಾಯ್ತಿ. ಇಂಥ ಕೇಸಿನಲ್ಲಿ ಯಾರೂ ಕೊಟ್ಟಿರುವುದಿಲ್ಲ ಅಂತ ಅವರಿಗೂ ಗೊತ್ತುಂಟು. ಹಾಗಾಗಿ ಸುತ್ತಮುತ್ತಲಿನ ಗುರುತು ನೋಡಬೇಕು ಅಂತ ನಿಯಮ. ಆ ದಿನಗಳಲ್ಲಿ ನೀನು ಇದ್ದಕ್ಕಿದ್ದ ಹಾಗೆ ಬದಲಾದೆಯಾ, ಯಾರಾದರೂ ಕಣ್ಣಾರೆ ನೋಡಿದ್ದಾರಾ, ಯಾರಾದರೂ ಬರೆದಿಟ್ಟಿದ್ದಾರಾ. ಅದು ಸಿಕ್ಕರೆ ಸಾಕು. ಮೇ ಆದಮೇಲೆ ನೀನು ಯಾರ ಜೊತೆ ಇದ್ದೆ?"

ಅಕ್ಷಯಾ ಹೇಳಿದಳು. ಜೂನ್‌ನಲ್ಲಿ ಒಂಬತ್ತು ದಿನ ರಜೆ ಸಿಕ್ಕಿತ್ತು. ಅಪ್ಪನ ತಮ್ಮ ರವಿಶಂಕರ್ ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲಿದ್ದರು. ನೆಲೆಯಿಂದ ಹತ್ತಿರ ಅಂತ ಅವರ ಮನೆಗೇ ಹೋಗಿದ್ದಳು.

"ಅವರು ಬರೆದು ಕೊಡ್ತಾರಾ?"

"ಚಿಕ್ಕಪ್ಪನಾ?" ಅಕ್ಷಯಾ ನಕ್ಕಳು. "ಅವರು ನನ್ನ ಯೂನಿಫಾರ್ಮ್ ಫೋಟೋನ ಕನ್ನಡ ಕೂಟದ ಸ್ಲೈಡ್‌ನಲ್ಲಿ ಹಾಕಿ ಭಾಷಣ ಮಾಡ್ತಾರೆ. 'ನಮ್ಮನೆ ವೀರವನಿತೆ' ಅಂತ."

"ಹಾಗಾದರೆ ಕೇಳು. ಭಾಷಣ ಮಾಡುವವರಿಗೆ ಒಂದು ಪುಟ ಎಂತ ಕಷ್ಟ?" ಅಂದರು ಗುಲಾಬಿ. ಆದರೆ ಆ ಮಾತನ್ನು ಅವರೇ ಅಷ್ಟಾಗಿ ನಂಬಿದ ಹಾಗೆ ಕಾಣಲಿಲ್ಲ.

ಫೋನಿನಲ್ಲಿ ಕೇಳುವ ವಿಷಯ ಅಲ್ಲ ಅಂತ ಅಕ್ಷಯಾ ಹತ್ತು ಗಂಟೆ ಡ್ರೈವ್ ಮಾಡಿಕೊಂಡು ಹೋದಳು. ಶಾರ್ಲೆಟ್ಟಿನಲ್ಲಿ ರಾತ್ರಿ ತಂಗಿ, ಮಾರನೆಯ ದಿನ ಶನಿವಾರ ತಿಂಡಿ ಹೊತ್ತಿಗೆ ಕಮ್ಮಿಂಗ್ ತಲುಪಿದಳು. ಮನೆ ದೊಡ್ಡದಾಗಿತ್ತು. ಆ ಬೀದಿಯ ಮನೆಗಳೆಲ್ಲ ಒಂದೇ ಥರ ದೊಡ್ಡವು, ಒಂದೇ ಥರ ಬೋಳು. ಹಾಲ್‌ನಲ್ಲಿ ರವಿಶಂಕರ್ ಯಾರು ಯಾರೋ ಸ್ವಾಮಿಗಳ, ಮಂತ್ರಿಗಳ ಪಕ್ಕ ನಿಂತು ಕೈಮುಗಿದ ಫೋಟೋಗಳು. ಪ್ರತಿಯೊಂದರಲ್ಲೂ ಅದೇ ನಗೆ. ಪಕ್ಕದಲ್ಲಿ ಇರುವವರು ಮಾತ್ರ ಬದಲಾಗಿದ್ದರು.

ಚಿಕ್ಕಮ್ಮ ರಾಜಲಕ್ಷ್ಮಿ ಇಡ್ಲಿ ಬಡಿಸಿದರು. ಅಕ್ಷಯಾ ತಟ್ಟೆ ಮುಟ್ಟುವ ಮೊದಲೇ ವಿಷಯ ಹೇಳಿಬಿಟ್ಟಳು. ಸುತ್ತಿಬಳಸದೆ, ಆ ಪದವನ್ನೂ ಉಪಯೋಗಿಸಿ ಹೇಳಿದಳು. ರವಿಶಂಕರ್ ಕೈಯಲ್ಲಿದ್ದ ಇಡ್ಲಿ ಚೂರು ಸಾಂಬಾರಿನಲ್ಲಿ ಕರಗುವವರೆಗೂ ಅದ್ದಿಕೊಂಡೇ ಇದ್ದರು.

"ನಿಧಿ ಮೇಲಿದಾಳೆ, ಸ್ವಲ್ಪ ಮೆಲ್ಲಗೆ ಮಾತಾಡು," ಅಂದರು ಚಿಕ್ಕಮ್ಮ. ನಿಧಿ ಅವರ ಮಗಳು, ಹದಿನಾರು ವರ್ಷದವಳು.

"ಪುಟ್ಟೀ," ಅಂತ ಶುರು ಮಾಡಿದರು ರವಿಶಂಕರ್, ಮೈಕ್ ಮುಂದೆ ನಿಂತಾಗ ಬರುವ ದನಿಯಲ್ಲಿ. "ನಮಗೆ ತುಂಬಾ ದುಃಖ ಆಗ್ತಿದೆ. ನಿನ್ನ ಧೈರ್ಯ ಮೆಚ್ಚಬೇಕು. ಆದರೆ ಫೆಡರಲ್ ಡಾಕ್ಯುಮೆಂಟ್‌ಗೆ ಸೈನ್ ಹಾಕೋದು ಅಂದ್ರೆ ಸುಮ್ನೆ ಅಲ್ಲ. ನಂದು ಸಿಟಿಜನ್‌ಶಿಪ್ ಇಂಟರ್‌ವ್ಯೂ ಬರೋ ತಿಂಗಳು ಇದೆ. ಈ ಟೈಮಲ್ಲಿ ಆರ್ಮಿ ವಿರುದ್ಧ ನಾನು ಹೇಗೆ ಬರೀಲಿ?"

"ಆರ್ಮಿ ವಿರುದ್ಧ ಅಲ್ಲ ಚಿಕ್ಕಪ್ಪ. ನಾನು ಇಲ್ಲಿ ಬಂದಾಗ ಹೇಗಿದ್ದೆ ಅಂತ ಅಷ್ಟೇ."

"ಚೆನ್ನಾಗೇ ಇದ್ದೆ." ಅವರು ಹೆಂಡತಿಯ ಕಡೆ ನೋಡಿದರು. "ಅಲ್ವೇನೇ? ಖುಷಿಯಾಗಿದ್ದಳು. ಈಗ ನಾನು ಬರೆದರೂ ಅದನ್ನೇ ಬರೀಬೇಕಾಗತ್ತೆ ನೋಡು. ಅದರಿಂದ ನಿನಗೇ ತೊಂದರೆ."

ಇಷ್ಟು ಹೊತ್ತು ಅಕ್ಷಯಾಳಿಗೆ ಅವರು ಹೆದರಿದ್ದಾರೆ ಅಂತ ಅನ್ನಿಸಿತ್ತು. ಹೆದರಿಕೆ ಅವಳಿಗೆ ಗೊತ್ತಿದ್ದ ವಿಷಯ, ಅದನ್ನು ಅವಳು ಯಾರಲ್ಲಿ ಕಂಡರೂ ಹೀಗಳೆಯುತ್ತಿರಲಿಲ್ಲ. ಆದರೆ ಇದು ಬೇರೆ. ಸಹಾಯ ಮಾಡುವುದಿಲ್ಲ ಅನ್ನುವುದನ್ನೂ ಅವಳಿಗೇ ಮಾಡುವ ಉಪಕಾರದ ಹಾಗೆ ಮಡಚಿ ಕೊಡುತ್ತಿದ್ದರು.

"ಎಂಟು ವರ್ಷ ಆಯ್ತು," ಅಂದರು ಚಿಕ್ಕಮ್ಮ. "ಈಗ ಯಾಕೆ ಕೆದಕ್ತೀಯಮ್ಮ? ನಾಳೆ ಯಾರಾದ್ರೂ ಸಂಬಂಧ ಕೇಳ್ಕೊಂಡು ಬಂದ್ರೆ, ಆನ್‌ಲೈನ್ ಹುಡುಕಿದ್ರೆ, ಇದೆಲ್ಲ ಸಿಗಲ್ವಾ? ಯೋಗ ಮಾಡು. ನಮ್ಮ ಗುರುಗಳ ಆಪ್ ಇದೆ, ಕಳಿಸ್ತೀನಿ."

"ಕಳಿಸಿ," ಅಂದಳು ಅಕ್ಷಯಾ. ಇಡ್ಲಿ ತಿಂದಳು, ಹಸಿವಾಗಿತ್ತು. ಹೊರಡುವಾಗ ಚಿಕ್ಕಪ್ಪ ಬಾಗಿಲವರೆಗೂ ಬಂದು, ನವೆಂಬರಿನ ಕಾರ್ಯಕ್ರಮಕ್ಕೆ ಯೂನಿಫಾರ್ಮ್‌ನಲ್ಲಿ ಬರಲು ಆಗುತ್ತದಾ ಎಂದು ಕೇಳಿದರು. ನಿಜವಾಗಿಯೂ ಕೇಳಿದರು. ಅವರ ಕಣ್ಣಿಗೆ ಎರಡೂ ವಿಷಯಕ್ಕೆ ಒಂದಕ್ಕೊಂದು ಸಂಬಂಧವೇ ಕಾಣಲಿಲ್ಲ.

ಎಲಿಕಾಟ್ ಸಿಟಿಗೆ ವಾಪಸು ಬಂದ ಮೇಲೆ ಅಪ್ಪನಿಗೆ ಎಲ್ಲ ಹೇಳಿದಳು. ಏನು ನಡೆದಿತ್ತು ಎಂದು ಗೋಪಿನಾಥರಿಗೆ ಗೊತ್ತಾದದ್ದೇ ಅರ್ಜಿ ಹಾಕುವಾಗ. ಆಗ ಅವರು ಎದ್ದು ಹೋಗಿ ಗಿಡಕ್ಕೆ ನೀರು ಹಾಕಿದ್ದರು. ಆಮೇಲೆ ಆ ಮಾತು ಎತ್ತಿರಲಿಲ್ಲ. ಈಗ ತಮ್ಮ ಹೇಳಿದ್ದನ್ನು ಪೂರ್ತಿ ಕೇಳಿದರು. "ಖುಷಿಯಾಗಿದ್ದೆ ಅಂದನಾ?" ಎಂದು ಮತ್ತೊಮ್ಮೆ ಕೇಳಿದರು.

"ಹೌದು. ಚಿಕ್ಕಮ್ಮ ತಲೆ ಆಡಿಸಿದ್ರು."

ಅವರು ಕಂಪ್ಯೂಟರಿನ ಮುಂದೆ ಹೋಗಿ ಕೂತರು. ಗೋಪಿನಾಥರು ಯಾವುದನ್ನೂ ಅಳಿಸುವವರಲ್ಲ. ಇಪ್ಪತ್ತು ವರ್ಷದ ಮೇಲ್ ಅವರ ಹತ್ತಿರ ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಪ್ರಿಂಟರ್ ಒಂದು ಹಾಳೆ ಉಗುಳಿತು. ಅವರು ಅದನ್ನು ಮಗಳ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಪಕ್ಕದ ಕೋಣೆಗೆ ಹೋದರು.

ಎರಡು ಸಾವಿರದ ಹದಿನಾಲ್ಕು, ಜೂನ್ ಒಂಬತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ರವಿಶಂಕರ್ ಅಣ್ಣನಿಗೆ ಬರೆದ ಮೇಲ್.

"ಅಣ್ಣ, ಬೇಜಾರು ಮಾಡ್ಕೋಬೇಡ, ಹೇಳದೆ ಇರಕ್ಕಾಗ್ತಿಲ್ಲ. ಆರ್ಮಿ ಸೇರಿದ ಮೇಲೆ ನಿನ್ನ ಮಗಳಿಗೆ ಕೊಬ್ಬು ಜಾಸ್ತಿ ಆಗಿದೆ. ಹೋದ ದೀಪಾವಳಿಗೆ ಬಂದಾಗ ಹೀಗಿರಲಿಲ್ಲ, ನಿಧಿ ಜೊತೆ ಆಡ್ಕೊಂಡು, ಅಡುಗೆಮನೇಲಿ ಹರಟೆ ಹೊಡ್ಕೊಂಡು ಇದ್ದಳು. ಈ ಸಲ ಬಂದ ದಿನದಿಂದ ಗೆಸ್ಟ್ ರೂಮ್ ಬಾಗಿಲಿಗೆ ಬಟ್ಟೆ ಇಡೋ ಡ್ರೆಸ್ಸರ್ ಅಡ್ಡ ಎಳೆದು ಮಲಗ್ತಾಳೆ. ಹೊಸಾ ಫ್ಲೋರ್ ಎಲ್ಲಾ ಗೀರು. ದಿನಕ್ಕೆ ನಾಲ್ಕು ಸಲ ಸ್ನಾನ, ನಮಗೆ ಬಿಸಿನೀರಿಲ್ಲ. ಮೊನ್ನೆ ಅಷ್ಟುದ್ದ ಕೂದಲನ್ನ ಕತ್ತರಿ ತಗೊಂಡು ಬುಡಕ್ಕೆ ಕತ್ತರಿಸಿ ಸಿಂಕಿಗೆ ಹಾಕಿದಾಳೆ, ಪ್ಲಂಬರ್ ಕರೆಸಬೇಕಾಯ್ತು. ನಿನ್ನೆ ಪೂಜೆಗೆ ಬಂದಿದ್ದ ಸುರೇಶ ಹಿಂದಿನಿಂದ ಭುಜ ಮುಟ್ಟಿ ಮಾತಾಡಿಸಿದ್ದಕ್ಕೆ ಅವನನ್ನ ತಳ್ಳಿಬಿಟ್ಟಳು. ಪಾಯಸ ಪೂರ್ತಿ ನೆಲಕ್ಕೆ ಹಾಸಿದ್ದ ರಗ್ ಮೇಲೆ. ಎಲ್ಲರ ಮುಂದೆ ನನ್ನ ಮಾನ ಹೋಯ್ತು. ಕೇಳಿದರೆ ಉತ್ತರ ಇಲ್ಲ, ಸುಮ್ನೆ ನಡುಗ್ತಾ ನಿಂತಿರ್ತಾಳೆ, ನಾಟಕ. ಹುಡುಗಿಗೆ ಬುದ್ಧಿ ಹೇಳು. ನಮ್ಮ ಮನೆ ಹೋಟೆಲ್ ಅಲ್ಲ."

ಅಕ್ಷಯಾ ಎರಡು ಸಲ ಓದಿದಳು. ತಾನು ಮರೆತಿದ್ದ ಎಷ್ಟೋ ವಿಷಯ ಅದರಲ್ಲಿತ್ತು. ಆ ಇಪ್ಪತ್ತೆರಡರ ಹುಡುಗಿಯನ್ನು ಅಷ್ಟು ಗಮನ ಇಟ್ಟು ನೋಡಿದ್ದವನು ಭೂಮಿಯ ಮೇಲೆ ಇವನೊಬ್ಬನೇ, ಅದೂ ತನ್ನ ರಗ್ಗಿನ ಸಲುವಾಗಿ.

ಕೆಳಗೆ ಅಪ್ಪ ಬರೆದಿದ್ದ ಉತ್ತರವೂ ಇತ್ತು.

"ರವಿ, ನಾಚಿಕೆ ಆಗ್ತಿದೆ. ತಾಯಿ ಇಲ್ಲದ ಹುಡುಗಿ, ಬೆಳೆಸೋದ್ರಲ್ಲಿ ನಾನೇ ಎಡವಿದೀನಿ. ಅವಳ ಪರವಾಗಿ ಕ್ಷಮೆ ಕೇಳ್ತೀನಿ. ಪ್ಲಂಬರ್ ಖರ್ಚು ಕಳಿಸ್ತೀನಿ. ರಾಜಲಕ್ಷ್ಮಿಗೂ ಸಾರಿ ಹೇಳು."

ಚಿಕ್ಕಪ್ಪನ ಮಾತು ಓದಿದಾಗ ಅವಳಿಗೆ ನಗು ಬಂದಿತ್ತು. ಇದನ್ನು ಓದಿದಾಗ ಬರಲಿಲ್ಲ. ಮಗಳು ಕೂದಲು ಕತ್ತರಿಸಿಕೊಂಡು ನಡುಗುತ್ತ ನಿಂತಿದ್ದಾಳೆ ಎಂದು ಓದಿದ ಮನುಷ್ಯ ಪ್ಲಂಬರನ ಖರ್ಚು ಕೊಡಲು ಹೊರಟಿದ್ದ. ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು. ಅವಳು ಹಾಳೆಯನ್ನು ಮಡಚಿ, ಅಪ್ಪನಿಗೆ ಹೇಳದೆ ತನ್ನ ರೂಮಿಗೆ ಹೊರಟುಹೋದಳು.

ಗುಲಾಬಿ ಮೇಲ್ ಓದುತ್ತ ಓದುತ್ತ ಕುರ್ಚಿಯಲ್ಲಿ ನೆಟ್ಟಗಾದರು. "ಇಂಥದ್ದು ನನಗೆ ಹದಿನೈದು ವರ್ಷದಲ್ಲಿ ಸಿಕ್ಕಿರಲಿಲ್ಲ," ಅಂದರು. "ಪ್ರೀತಿಯವರು ಬರೆದ ಕಾಗದ ಕೊಟ್ಟರೆ, ನಿನ್ನ ಪರವಾಗಿ ಈಗ ಕೂತು ಬರೆದದ್ದು ಅಂತಾರೆ. ಇವನು ಆವತ್ತೇ ಬರೆದಿದ್ದಾನೆ, ತಾರೀಕು ಉಂಟು, ಮೊದಲು ಹೇಗಿದ್ದೆ ಆಮೇಲೆ ಹೇಗಾದೆ ಅಂತ ಪಟ್ಟಿ ಕೊಟ್ಟಿದ್ದಾನೆ. ಅದೂ ನಿನ್ನನ್ನು ಕಂಡರೆ ಆಗದವನು. ಅವನ ಸಣ್ಣತನವೇ ನಮ್ಮ ಸಾಕ್ಷಿ."

ಇಲಾಖೆಗೆ ಇಂಗ್ಲಿಷಿನಲ್ಲಿ ಕೊಡಬೇಕಿತ್ತು. ಅನುವಾದ ಮಾಡಿ ಸಹಿ ಹಾಕುವುದು ಗುಲಾಬಿಯವರ ಕೆಲಸ. ಅವರು ಬರೆಯುತ್ತ ಹೋದರು, ಅಕ್ಷಯಾ ಎದುರಿಗೆ ಕೂತಿದ್ದಳು. 'ಕೊಬ್ಬು' ಅನ್ನುವಲ್ಲಿ ಪೆನ್ನು ನಿಂತಿತು.

"ಇದಕ್ಕೆ ಎಂತ ಹಾಕುವುದು? ಮೈಯ ಕೊಬ್ಬು ಅಂತ ಹಾಕಿದರೆ ನೀನು ದಪ್ಪ ಆಗಿದ್ದೆ ಅಂದುಕೊಳ್ತಾರೆ."

"ಸೊಕ್ಕು ಅಂತ ಹಾಕಿ."

"ಸೊಕ್ಕು ಸಾಲುವುದಿಲ್ಲ. ಕೊಬ್ಬು ಅನ್ನುವಾಗ, ತನ್ನ ಅನ್ನ ತಿಂದು ಬೆಳೆದದ್ದು ತನಗೇ ತಿರುಗಿತು ಅನ್ನುವ ಅರ್ಥ ಉಂಟು." ಸ್ವಲ್ಪ ಯೋಚಿಸಿ ಏನೋ ಬರೆದರು. ಕೊನೆಯ ಸಾಲಿಗೆ ಬಂದಾಗ ಕೇಳಿದರು: "ಅಪ್ಪನ ಉತ್ತರ ಬೇಕಾ? ಅದಿಲ್ಲದೆ ಕೊಟ್ಟರೂ ನಡೀತದೆ. ಇದ್ದರೆ ಹೆಚ್ಚು ಗಟ್ಟಿ. ಮೇಲ್ ನಿಜ, ಯಾರೋ ಓದಿದ್ದಾರೆ ಅಂತಾಗ್ತದೆ."

"ಅವರನ್ನೇ ಕೇಳಿ," ಅಂದಳು ಅಕ್ಷಯಾ.

ಗುಲಾಬಿ ಅಲ್ಲಿಂದಲೇ ಫೋನ್ ಮಾಡಿ ಸ್ಪೀಕರ್ ಹಾಕಿದರು. ಗೋಪಿನಾಥರು ಪೂರ್ತಿ ಕೇಳಿಸಿಕೊಂಡು, "ನಂದೂ ಹಾಕಿ," ಅಂದರು. ಆಮೇಲೆ, "ನಾನು ಒಂದು ಕಾಗದ ಬರೆದುಕೊಡ್ತೀನಿ. ಈ ಮೇಲ್ ನನಗೆ ಬಂದಿತ್ತು, ನಾನು ಓದಿದೆ, ನನ್ನ ಮಗಳಿಗೆ ಫೋನ್ ಮಾಡಲಿಲ್ಲ ಅಂತ. ಅದೂ ಇರಲಿ," ಎಂದರು.

ಅಕ್ಷಯಾ ಫೋನಿನ ಕಡೆ ನೋಡಲಿಲ್ಲ.

ಹೊಸ ಸಾಕ್ಷ್ಯದೊಂದಿಗೆ ಅರ್ಜಿಯನ್ನು ಮತ್ತೆ ಹಾಕಿದರು. ಈ ಸಲ ಹೆಣ್ಣು ವೈದ್ಯರೇ ಬೇಕು ಅಂತ ಗುಲಾಬಿ ಬರೆದು ಕೇಳಿದ್ದರು; ಆ ಹಕ್ಕು ಇದೆ ಅಂತ ಮೊದಲ ಸಲ ಅವಳಿಗೆ ಯಾರೂ ಹೇಳಿರಲಿಲ್ಲ. ಆ ವೈದ್ಯೆ ಎರಡು ಗಂಟೆ ಮಾತಾಡಿಸಿದಳು. ಮೇಲ್ ಅವಳ ಮುಂದೆ ಇತ್ತು. ಡ್ರೆಸ್ಸರ್ ಎಳೆಯುತ್ತಿದ್ದದ್ದು ಯಾವ ಹೊತ್ತಿಗೆ, ಈಗಲೂ ಹಾಗೆ ಏನಾದರೂ ಅಡ್ಡ ಇಡುತ್ತೀಯಾ ಎಂದು ಕೇಳಿದಳು. ಈಗಲೂ ಇಡುತ್ತೇನೆ, ಕುರ್ಚಿ, ಎಂದಳು ಅಕ್ಷಯಾ. ವೈದ್ಯೆ ಅದನ್ನು ಬರೆದುಕೊಂಡಳು.

ಏಳು ತಿಂಗಳಾದ ಮೇಲೆ, ಎರಡು ಸಾವಿರದ ಇಪ್ಪತ್ತಮೂರರ ವಸಂತದಲ್ಲಿ, ಪರಿಹಾರ ಮಂಜೂರಾದ ಕಾಗದ ಬಂತು. ಕಾರಣಗಳ ಪಟ್ಟಿಯಲ್ಲಿ, ಕುಟುಂಬದ ಸದಸ್ಯರೊಬ್ಬರು ಆ ಕಾಲದಲ್ಲೇ ಬರೆದ ವಿವರವಾದ ಪತ್ರವು ಅತ್ಯಂತ ವಿಶ್ವಾಸಾರ್ಹ ಎಂದು ಬರೆದಿದ್ದರು. ಜೊತೆಗೆ, ಎಂದಿನ ಹಾಗೆ ಧನ್ಯವಾದ. ಹೋದ ವರ್ಷ ಇಲ್ಲ ಅಂದ ಅದೇ ಇಲಾಖೆ, ಅದೇ ಹೆಣ್ಣು, ಅದೇ ಭಾನುವಾರ. ಅವಳ ಮಾತಿಗೆ ಇಲ್ಲದ ಬೆಲೆ ಹಾಳಾದ ರಗ್ಗಿಗೆ ಸಿಕ್ಕಿತ್ತು. ಗುಲಾಬಿಗೆ ಫೋನ್ ಮಾಡಿ ಇದನ್ನೇ ಹೇಳಿದಳು.

"ನನಗೂ ಸಿಟ್ಟು ಉಂಟು," ಅಂದರು ಗುಲಾಬಿ. "ಆದರೂ ತಗೋ. ಬೇಡ ಅಂದರೆ ಅವರಿಗೆ ಖುಷಿ."

ತಮ್ಮನಿಗೆ ವಿಷಯ ಹೇಳಿದ್ದು ಗೋಪಿನಾಥರೇ. ಮರುದಿನವೇ ರವಿಶಂಕರ್ ಅಕ್ಷಯಾಳಿಗೆ ಫೋನ್ ಮಾಡಿದರು.

"ನನ್ನ ಪರ್ಸನಲ್ ಮೇಲ್‌ನ ಗವರ್ನಮೆಂಟ್‌ಗೆ ಕೊಟ್ಟಿದ್ದೀರಂತೆ. ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ನಿಮ್ಮನ್ನ ಕೇಳಿದ್ದೆ ಚಿಕ್ಕಪ್ಪ. ಇಡ್ಲಿ ತಿನ್ನುವಾಗ."

"ಅದು ಬೇರೆ. ಅದರಲ್ಲಿ ನನ್ನ ಹೆಸರು ಇದೆಯಾ?"

"ಇದೆ. ಪೂರ್ತಿ ಹೆಸರು."

ಅವರು ಯಾವುದೋ ಲಾಭ ನಷ್ಟ ತೂಗುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಯಿತು. "ಅಂದ್ರೆ," ಅಂದರು ಕೊನೆಗೆ, ದನಿ ಸ್ವಲ್ಪ ಇಳಿಸಿ, "ಒಂದು ಲೆಕ್ಕದಲ್ಲಿ ನನ್ನ ಲೆಟರ್‌ನಿಂದಲೇ ಕೆಲಸ ಆಯ್ತು ಅನ್ನು."

"ಒಂದು ಲೆಕ್ಕದಲ್ಲಿ ಅಲ್ಲ. ಅದರಿಂದಲೇ ಆಯ್ತು."

"ನೋಡಿದ್ಯಾ. ನಾನು ಯಾವಾಗಲೂ ಹೇಳ್ತೀನಿ, ಫ್ಯಾಮಿಲಿ ಅಂದ್ರೆ..."

ಅವಳು ಫೋನ್ ಇಟ್ಟಳು, ನಂಬರ್ ಬ್ಲಾಕ್ ಮಾಡಿದಳು. ಅಣ್ಣನ ಮಗಳಿಗೆ ತಾನು ಹೇಗೆ ಬೆನ್ನೆಲುಬಾಗಿ ನಿಂತೆ ಅಂತ ಅವರು ಕಮ್ಮಿಂಗ್‌ನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ ಅಂತ ಆಮೇಲೆ ಯಾರೋ ಹೇಳಿದರು. ಏನು ಕಷ್ಟಕ್ಕೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲವಂತೆ. ಕೇಳಿದವರಿಗೆ, ಹೆಲ್ತ್ ಇಶ್ಯೂ ಅನ್ನುತ್ತಾರಂತೆ. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡ ಮನುಷ್ಯ ಅಂತ ಅವರು ಅವಳಿಗೆ ಅನ್ನಿಸುವುದು ಎಂದೋ ನಿಂತಿತ್ತು.

ಅಪ್ಪನ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮಂಗಳವಾರ ಅವಳಿಗೆ ಥೆರಪಿ ಇರುತ್ತಿತ್ತು, ಬಾಲ್ಟಿಮೋರಿನಲ್ಲಿ. ಆ ದಿನ ಅವರು ಕೆಲಸದಿಂದ ಬೇಗ ಹೊರಟು ಕಾರು ತರುತ್ತಿದ್ದರು. ಬೇಡ, ನಾನೇ ಡ್ರೈವ್ ಮಾಡ್ತೀನಿ ಅಂತ ಮೊದಲ ತಿಂಗಳು ಹೇಳಿದಳು. ಅವರು ಆದರೂ ಬರುತ್ತಿದ್ದರು. ದಾರಿಯುದ್ದಕ್ಕೂ ಇಬ್ಬರೂ ರೇಡಿಯೋ ಕೇಳುತ್ತಿದ್ದರು. ಅವಳು ಒಳಗಿದ್ದಷ್ಟು ಹೊತ್ತು ಅವರು ಕಾರಿನಲ್ಲೇ ಕೂತಿರುತ್ತಿದ್ದರು.

ಬೇಸಿಗೆ ಮುಗಿಯುತ್ತ ಬಂದ ಒಂದು ಮಂಗಳವಾರ, ಅವಳು ಇಳಿಯಲು ಬಾಗಿಲು ತೆರೆದಾಗ ಅವರು ಕೇಳಿದರು, "ಅವನ ಹೆಸರೇನು?"

"ಯಾರದು?"

"ಆ ಸಾರ್ಜೆಂಟ್."

ಒಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಇಲಾಖೆ ಕೇಳಿತ್ತು, ಗುಲಾಬಿ ಕೇಳಿದ್ದರು, ವೈದ್ಯರು ಕೇಳಿದ್ದರು. ಅಪ್ಪ ಕೇಳಿದ್ದು ಇದೇ ಮೊದಲು.

"ಅದನ್ನ ತಗೊಂಡು ನೀವು ಏನು ಮಾಡ್ತೀರ?"

"ಏನೂ ಮಾಡಕ್ಕಾಗಲ್ಲ," ಅಂದರು ಗೋಪಿನಾಥರು. "ನನಗೆ ಗೊತ್ತಿರಬೇಕು ಅನ್ನಿಸ್ತು."

"ಅವತ್ತು ಒಂದು ಫೋನ್ ಮಾಡಬಹುದಿತ್ತು ನೀವು. ನಾನು ಹೇಳ್ತಿದ್ದೆ."

"ಹೌದು," ಅಂದರು ಅವರು. "ಮಾಡಬಹುದಿತ್ತು. ಮಾಡಲಿಲ್ಲ."

'ಆದರೆ' ಅಂತ ಅವರು ಮುಂದೆ ಏನಾದರೂ ಸೇರಿಸುತ್ತಾರೇನೋ ಎಂದು ಅವಳು ಕಾದಳು. ಸೇರಿಸಿದ್ದರೆ ಆಮೇಲೆ ಆ ಕಾರು ಹತ್ತುತ್ತಿರಲಿಲ್ಲ. ಅವರು ಸೇರಿಸಲಿಲ್ಲ. ಹಿಂದೆ ಯಾರೋ ಹಾರ್ನ್ ಹೊಡೆದರು. ಅಕ್ಷಯಾ ಹೆಸರು ಹೇಳಿದಳು, ಮೊದಲ ಹೆಸರು, ಕೊನೆಯ ಹೆಸರು ಎರಡೂ. ಆಮೇಲೆ ಇಳಿದು, ಬಾಗಿಲು ಹಾಕಿ ಒಳಗೆ ಹೋದಳು.